ಒಳಲೆಯನ್ನು ಅಂಗಡಿಗೆ ಕೊಡುವ ಮೊದಲು

ಬರ್ಮಿಂಗ್‌ಹ್ಯಾಮ್
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅವ್ವನಿಗೆ,

ನಾವೆಲ್ಲ ಕ್ಷೇಮ. ಅಪ್ಪನ ಮೊಣಕಾಲು ನೋವು ಕಡಿಮೆಯಾಯಿತೇ? ಬೆಳಗಿನ ನಡಿಗೆಯ ನೆಪದಲ್ಲಿ ಬೆಣ್ಣೆ ದೋಸೆ ಅಂಗಡಿಗೆ ಹೋಗುವುದನ್ನು ಬಿಟ್ಟರೆ ತಾನೇ ಕಡಿಮೆಯಾಗುತ್ತದೆ ಎಂದು ನಾನು ಹೇಳಿದೆನೆಂದು ಹೇಳು.

ಮೊನ್ನೆ ಫೋನಿನಲ್ಲಿ, "ಯಾರೋ ಸತ್ತವರ ಎಂಜಲು ಚಮಚಗಳನ್ನು ದುಡ್ಡು ಕೊಟ್ಟು ತರುತ್ತೀಯಂತೆ" ಎಂದು ಬೈದೆಯಲ್ಲ, ಆ ಚಾಡಿ ನಿನ್ನ ಅಳಿಯಂದಿರದು ಎಂದು ನನಗೆ ಗೊತ್ತು. ಬೈಗುಳ ಇರಲಿ. ಅದರ ಬೆನ್ನಿಗೇ, ತಮ್ಮನ ಮಗುವಿನ ತೊಟ್ಟಿಲು ಕಾರ್ಯಕ್ಕೆ ಮಕ್ಕಳಿಗೆ ಹಾಲು ಕುಡಿಸುವ ಚಿತ್ರದುರ್ಗದ ಅಜ್ಜಿಯ ಬೆಳ್ಳಿ ಒಳಲೆಯನ್ನು ಚೌಕಿಪೇಟೆಯ ಅಂಗಡಿಗೆ ಹಾಕಿ ಹೊಸ ಬೆಳ್ಳಿ ತಟ್ಟೆ ತರುತ್ತೇವೆ ಎಂದೆ. ಆಗ ನನ್ನ ಬಾಯಿ ಕಟ್ಟಿತು. ಅದಕ್ಕೇ ಈ ಪತ್ರ.

ನೀನು ಎಂಜಲು ಎಂದ ಚಮಚ ಈಗ ನನ್ನ ಮುಂದೆಯೇ ಇದೆ. ಬಟ್ಟಲಿನಂತಿರುವ ಭಾಗದ ತುದಿ ಎಡಗಡೆಗೆ ಸವೆದು ಓರೆಯಾಗಿದೆ. ಬಲಗೈಯಲ್ಲಿ ತಿನ್ನುವವರು ತಟ್ಟೆ ಕೆರೆದು ಕೆರೆದು ಆದ ಸವೆತ ಅದು. ನಮ್ಮ ಮನೆಯ ಹಿಟ್ಟಿನ ಪಾತ್ರೆಯ ಮರದ ಸೌಟನ್ನು ನೆನಪಿಸಿಕೋ, ಅದೂ ಹೀಗೆಯೇ ಒಂದು ಮಗ್ಗುಲಿಗೆ ಸವೆದಿಲ್ಲವೇ? ಹಿಡಿಯ ಹಿಂದೆ ಭೂತಗನ್ನಡಿ ಹಿಡಿದರೆ ಸಾಲಾಗಿ ಐದು ಮುದ್ರೆಗಳು. ಮುಂಗಾಲೆತ್ತಿ ನಡೆಯುವ ಸಿಂಹವೆಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ ಎಂದರ್ಥ. ಉಳಿದ 75 ಪಾಲು ಸಾಮಾನ್ಯವಾಗಿ ತಾಮ್ರ, ಬರೀ ಬೆಳ್ಳಿ ಮೆತ್ತಗೆ, ಬಾಗುತ್ತದೆ. ಇದಕ್ಕೇ ಸ್ಟರ್ಲಿಂಗ್ ಎನ್ನುವುದು. ಆ ಸಿಂಹವನ್ನು 1544ರಿಂದ ಒತ್ತುತ್ತಿದ್ದಾರೆ. ಪಕ್ಕದಲ್ಲಿ ಲಂಗರು, ಅದು ಈ ಊರಿನ ಗುರುತು. ಅದರಾಚೆ ವರ್ಷ ಹೇಳುವ ಒಂದು ಅಕ್ಷರ, ಮಾಡಿದವನ ಹೆಸರಿನ ಎರಡು ಅಕ್ಷರ, ಕೊನೆಗೆ ವಿಕ್ಟೋರಿಯಾ ರಾಣಿಯ ತಲೆ. ರಾಜನ ಅಥವಾ ರಾಣಿಯ ತಲೆ ಇದ್ದರೆ ತೆರಿಗೆ ಕಟ್ಟಿದ ಮಾಲು. ಆ ಮುದ್ರೆ 1784ರಲ್ಲಿ ಬಂದು 1890ರಲ್ಲಿ ನಿಂತಿತು, ಹಾಗಾಗಿ ಈ ಚಮಚ ಅದಕ್ಕಿಂತ ಈಚಿನದಲ್ಲ. ಇಷ್ಟೆಲ್ಲ ವಿವರ ಒಂದು ಅಕ್ಕಿಕಾಳಿನುದ್ದದ ಜಾಗದಲ್ಲಿ! ನೀನು ಚಿನ್ನದಂಗಡಿಯಲ್ಲಿ ಹಾಲ್‌ಮಾರ್ಕ್ ಇದೆಯೇ ಎಂದು ಕೇಳುತ್ತೀಯಲ್ಲ, ಆ ಮಾತು ಹುಟ್ಟಿದ್ದೇ ಲಂಡನ್ನಿನ ಅಕ್ಕಸಾಲಿಗರ ಸಂಘದ ಹಾಲ್‌ನಿಂದ. 1478ರಿಂದ ಅಲ್ಲಿಗೆ ಮಾಲು ಒಯ್ದು ಮುದ್ರೆ ಹಾಕಿಸಬೇಕಿತ್ತು.

ಲಂಗರಿನ ಕಥೆ ಅಪ್ಪನಿಗೆ ಇಷ್ಟವಾಗುತ್ತದೆ. ಈ ಊರಿಗೂ ಸಮುದ್ರಕ್ಕೂ ಸಂಬಂಧವೇ ಇಲ್ಲ. ದಾವಣಗೆರೆಗೆ ಹಡಗಿನ ಗುರುತು ಕೊಟ್ಟ ಹಾಗೆ. ಮ್ಯಾಥ್ಯೂ ಬೋಲ್ಟನ್ ಎಂಬ ಇಲ್ಲಿನ ಉದ್ಯಮಿ ತನ್ನ ಬೆಳ್ಳಿ ಸಾಮಾನನ್ನು ಮುದ್ರೆಗಾಗಿ ದೂರದ ಚೆಸ್ಟರ್‌ಗೆ ಕಳಿಸಬೇಕಿತ್ತು. ಹಿಂದಿರುಗುವಾಗ ಜಜ್ಜಿ, ಗೀರಿ ಬರುತ್ತಿತ್ತು. ನಮ್ಮೂರಲ್ಲೇ ಪರೀಕ್ಷಾ ಕಚೇರಿ ಬೇಕೆಂದು ಅವನು ಪಾರ್ಲಿಮೆಂಟಿನ ಬೆನ್ನು ಬಿದ್ದ. 1773ರಲ್ಲಿ ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡಕ್ಕೂ ಸಿಕ್ಕಿತು. ಆ ಓಡಾಟ ನಡೆದದ್ದು ಲಂಡನ್ನಿನ 'ಕಿರೀಟ ಮತ್ತು ಲಂಗರು' ಎಂಬ ಹೆಸರಿನ ಹೋಟೆಲಿನಲ್ಲಿ, ಹಾಗಾಗಿ ಒಂದೂರು ಕಿರೀಟ ತೆಗೆದುಕೊಂಡಿತು, ಇನ್ನೊಂದೂರು ಲಂಗರು ಎಂದು ಇಲ್ಲಿನವರು ಕಥೆ ಹೇಳುತ್ತಾರೆ. ನಾಣ್ಯ ಚಿಮ್ಮಿದರೆಂದೂ ಸೇರಿಸುತ್ತಾರೆ. ಅದು ಕಥೆಯ ಉಪ್ಪುಖಾರ ಇರಬಹುದು.

ಮೋಸವನ್ನೂ ಹೋಗಿದ್ದೇನೆ, ಮುಚ್ಚಿಡುವುದಿಲ್ಲ. ಮೊದಲ ವರ್ಷ ಸಂತೆಯಲ್ಲಿ ಒಂದು ಟೀಪಾಟ್ ತಂದೆ. ತಳದಲ್ಲಿ ಪುಟ್ಟ ಚೌಕಗಳೊಳಗೆ ನಾಲ್ಕು ಮುದ್ರೆ, ಥೇಟ್ ಅಸಲಿ ಬೆಳ್ಳಿಯ ಹಾಗೆ. ಉಜ್ಜಿದಾಗ ಮೂತಿಯ ಅಂಚಿನಲ್ಲಿ ಮಂಕು ಹಳದಿ ಕಂಡಿತು. ಮುದ್ರೆಗಳೆಂದುಕೊಂಡದ್ದು ಇ, ಪಿ, ಎನ್, ಎಸ್ ಅಕ್ಷರಗಳು: ನಿಕ್ಕಲ್ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಹತ್ತಿಸಿದ ಬೆಳ್ಳಿಯ ಪೊರೆ. ಆ ವಿದ್ಯೆಗೆ 1840ರಲ್ಲಿ ಪೇಟೆಂಟ್ ಪಡೆದ ಎಲ್ಕಿಂಗ್ಟನ್ ಮನೆತನವೂ ಇದೇ ಊರಿನದು. ಮಾರಿದವನು ಅದನ್ನು ಬೆಳ್ಳಿ ಎಂದು ಬಾಯಿಬಿಟ್ಟು ಹೇಳಿರಲೇ ಇಲ್ಲ, ನಾನೇ ಅಂದುಕೊಂಡಿದ್ದೆ. ಈಗ ಅದರಲ್ಲಿ ಕೊತ್ತಂಬರಿ ಬೆಳೆದಿದೆ.

ಇನ್ನೊಂದು ಸಮಾಧಾನದ ಸಂಗತಿ. ಮೀನು ಬಡಿಸಲೆಂದೇ ಇಲ್ಲಿ ಅಗಲವಾದ ಬೆಳ್ಳಿಯ ಮೊಗಚುವ ಕೈ ಮಾಡುತ್ತಿದ್ದರು, ತುಂಬ ಜಾಲರಿ ಕೆತ್ತನೆ, ಕಣ್ಣಿಗೆ ಹಬ್ಬ. ಎರಡು ಸಲ ಕೈಗೆತ್ತಿಕೊಂಡೆ. ಎರಡು ಸಲವೂ ನಿನ್ನ ಮುಖ ಕಂಡು ಕೆಳಗಿಟ್ಟೆ. ದೋಸೆ ತಿರುವಲು ಅದಕ್ಕಿಂತ ಒಳ್ಳೆಯದು ಇರಲಾರದು ಎಂಬುದು ಬೇರೆ ಮಾತು.

ಬೆಳ್ಳಿ ಬಟ್ಟಲಿಗೆ ಉಪ್ಪಿನಕಾಯಿ ಹಾಕಿದರೆ ನೀನು ಗದರುತ್ತಿದ್ದೆಯಲ್ಲ, ಇಲ್ಲಿನ ಉಪ್ಪಿನ ಬಟ್ಟಲುಗಳ ಒಳಮೈಗೆ ಅದೇ ಭಯಕ್ಕೆ ಚಿನ್ನದ ನೀರು ಹಾಕುತ್ತಿದ್ದರು. ಉಪ್ಪು ಬೆಳ್ಳಿಯನ್ನು ತಿಂದು ಕಲೆ ಮಾಡುತ್ತದೆ. ಕಪ್ಪಾಗುವುದಕ್ಕೆ ಗಂಧಕ ಕಾರಣ, ಮೊಟ್ಟೆ ತಿಂದ ಚಮಚ ಸಂಜೆಯೊಳಗೆ ಮಂಕಾಗುತ್ತದೆ. ಬಿಸಿನೀರು, ಅಡುಗೆ ಸೋಡಾ, ಅಲ್ಯೂಮಿನಿಯಂ ಹಾಳೆ ಇದ್ದರೆ ಕ್ಷಣದಲ್ಲಿ ಬೆಳ್ಳಗಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆಯೊಂದಿಗೆ. ಆದರೆ ಕೆತ್ತನೆಯ ಸಂದಿಯ ಕಪ್ಪೂ ಹೋಗಿ ಚಿತ್ತಾರ ಬೋಳಾಗುತ್ತದೆ. ನಾನು ನಿನ್ನ ಹಾಗೆ ವಿಭೂತಿಯನ್ನೇ ಬಟ್ಟೆಗೆ ಹಚ್ಚಿ ಮೆಲ್ಲಗೆ ಉಜ್ಜುತ್ತೇನೆ. ನೀನು ಕಳಿಸಿದ ಗಟ್ಟಿ ಮುಗಿಯುತ್ತ ಬಂದಿದೆ.

ಇಲ್ಲಿನವರು ಹಳೆಯದನ್ನು ಕರಗಿಸುವುದಿಲ್ಲ ಎಂದು ತಿಳಿಯಬೇಡ. 1980ರ ಜನವರಿಯಲ್ಲಿ ಬೆಲೆ ಔನ್ಸಿಗೆ 50 ಡಾಲರಿನ ಹತ್ತಿರಕ್ಕೆ ಏರಿದಾಗ ರಾಶಿಗಟ್ಟಲೆ ತಟ್ಟೆ, ಚಮಚ ಕುಲುಮೆಗೆ ಹೋದವು. ನಾವೂ ಹಳೆಯದನ್ನು ಕರಗಿಸಲು ಕೊಟ್ಟವರೇ. ನನ್ನ ಮದುವೆಗೆ ಅಜ್ಜಿಯ ತಂಬಿಗೆಯನ್ನು ತಕ್ಕಡಿಗೆ ಹಾಕಿ, ಸವಕಳಿ ಕಳೆದು, ಮಜೂರಿ ಸೇರಿಸಿ ನನಗೆ ಕಾಲುಚೈನು ತಂದಿರಿ. ಆ ತಂಬಿಗೆಯ ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದಿತ್ತು. ಅಜ್ಜಿಯದೋ, ತವರಿನಿಂದ ಓದಿಸಿದವರದೋ? ಚಿಕ್ಕವಳಿದ್ದಾಗ ಬೆರಳಾಡಿಸಿದ ನೆನಪಿದೆ, ಓದಿದ ನೆನಪಿಲ್ಲ. ಕಾಲುಚೈನು ಎಲ್ಲಿದೆ ಎಂಬುದೂ ನೆನಪಿಲ್ಲ.

ಒಳಲೆಯಲ್ಲಿ ಅಪ್ಪ ಹಾಲು ಕುಡಿದಿದ್ದಾರೆ, ನಾವಿಬ್ಬರೂ ಕುಡಿದಿದ್ದೇವೆ. ಮೂತಿಯ ಬಳಿ ಒಂದು ಸಣ್ಣ ತಗ್ಗು ಇದೆ, ಅದು ತಮ್ಮನ ಹಲ್ಲು ಎಂದು ಅಜ್ಜಿ ಹೇಳುತ್ತಿದ್ದಳು. ತಟ್ಟೆಯ ದುಡ್ಡನ್ನು ನಾನು ನಾಳೆಯೇ ತಮ್ಮನ ಖಾತೆಗೆ ಹಾಕುತ್ತೇನೆ. ಒಳಲೆಯನ್ನು ದೇವರ ಮನೆಯ ಗೂಡಿನಿಂದ ಕೆಳಗಿಳಿಸಿ, ಹಿತ್ತಲಿನ ಬಿಸಿಲಿಗೆ ಓರೆಯಾಗಿ ಹಿಡಿದು, ತಳದ ಒಂದು ಫೋಟೊ ತೆಗೆಸಿ ಕಳಿಸು. ಮೊದಲೇ ಉಜ್ಜಬೇಡ. ಚುಕ್ಕಿಗಳೊಳಗೆ ಕಪ್ಪು ಇದ್ದರೇ ಅಕ್ಷರ ಕಾಣುವುದು.

ನಿನ್ನ ಮಗಳು