ಒಂಬತ್ತು ವಾರ ನನ್ನ ಅಂಗಡಿ ನೋಡಿಕೊಂಡವರಿಗೆ

ಸೋಮವಾರದಿಂದ ಮತ್ತೆ ಕೌಂಟರ್ ಹಿಂದೆ ಇದ್ದೇನೆ. ನಿಂತಿಲ್ಲ, ಸ್ಟೂಲ್ ಹಾಕಿಕೊಂಡು ಕೂತಿದ್ದೇನೆ. ಟ್ರ್ಯಾಕ್ಟರಿಂದ ಬಿದ್ದಿದ್ದ ಕಬ್ಬಿನ ಜಲ್ಲೆ ಮೇಲೆ ಸ್ಕೂಟರ್ ಹತ್ತಿಸಿ ಕಾಲು ಮುರಿದುಕೊಂಡಿದ್ದೆ. ಮಂಡ್ಯದವಳು ಬೀಳಬೇಕಾದರೂ ಕಬ್ಬೇ ಬೇಕು, ಅಲ್ವಾ?

ದಿನಸಿ ಅಂಗಡಿಯಾಗಿದ್ದರೆ ಮನೆಯವರು ಯಾರಾದರೂ ಕೂತು ನಡೆಸುತ್ತಿದ್ದರು. ಮೆಡಿಕಲ್ ಶಾಪಿನಲ್ಲಿ ಹಾಗಾಗಲ್ಲ. 1948ರ ಫಾರ್ಮಸಿ ಕಾಯ್ದೆ ಪ್ರಕಾರ ಡಾಕ್ಟರ್ ಚೀಟಿಯ ಔಷಧಿಯನ್ನು ನೋಂದಣಿಯಾದ ಫಾರ್ಮಸಿಸ್ಟೇ ಕೊಡಬೇಕು. ನಮ್ಮಲ್ಲಿ ಆ ಸರ್ಟಿಫಿಕೇಟ್ ಇರುವುದು ನನ್ನೊಬ್ಬಳದೇ. "ಬಾಡಿಗೆಗೆ ಒಂದು ಸರ್ಟಿಫಿಕೇಟ್ ತಂದು ನೇತುಹಾಕಿ, ಹುಡುಗ ನೋಡ್ಕೋತಾನೆ" ಅಂತ ಪರಿಚಯದವರೊಬ್ಬರು ಮನೆಗೇ ಬಂದು ಹೇಳಿದರು. ಹೀಗೆ ನಡೆಸುವವರು ಇದ್ದಾರೆ ಅಂತ ನನಗೂ ಗೊತ್ತು. ಆದರೆ ಗೋಡೆ ಮೇಲಿನ ಸರ್ಟಿಫಿಕೇಟ್ ಚೀಟಿ ಓದುತ್ತದೆಯೇ? ಶಟರ್ ಎಳೆಸಿದೆ.

ಐದನೇ ದಿನ ಮೈಸೂರಿನಿಂದ ನನ್ನ ಜೊತೆ ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಓದಿದ ಗೆಳತಿ ಬಂದಳು. ಮಗು ಆದಮೇಲೆ ಆಸ್ಪತ್ರೆ ಕೆಲಸ ಬಿಟ್ಟಿದ್ದವಳು. ಡ್ರಗ್ಸ್ ಕಂಟ್ರೋಲ್ ಆಫೀಸಿಗೆ ಅರ್ಜಿ ಕೊಟ್ಟು, ಲೈಸೆನ್ಸಿಗೆ ಅವಳ ಹೆಸರು ಸೇರಿಸಿಕೊಂಡೆವು. ಆಮೇಲೆ ದಿನಾ ಬೆಳಗ್ಗೆ ರೈಲು ಹತ್ತಿ ಬಂದು, ಸಂಜೆ ರೈಲಿಗೆ ಮನೆಗೆ.

ಅವಳು ಬಂದ ಎರಡನೇ ದಿನದ ಕಥೆ ಹೇಳಲೇಬೇಕು, ಯಾಕಂದರೆ ಅದರಲ್ಲಿ ತಪ್ಪು ನನ್ನದು. ಬಾಯಿಹುಣ್ಣಿಗೆ ಮುಲಾಮು ಕೇಳಿಕೊಂಡು ಒಬ್ಬ ಅಜ್ಜ ಬಂದರು. ಒಂದು ಟ್ಯೂಬ್ ಕೊಟ್ಟು ಕಳಿಸುವುದು ಸುಲಭ, ನಾನಾಗಿದ್ದರೆ ರಶ್ಶಿನಲ್ಲಿ ಹಾಗೇ ಮಾಡುತ್ತಿದ್ದೆನೇನೋ. ಇವಳು "ಬೇರೆ ಯಾವ ಮಾತ್ರೆ ತಗೋತಿದ್ದೀರಿ ತಾತ" ಅಂದಳು. ಜೇಬಿನಿಂದ ಮೆಥೋಟ್ರೆಕ್ಸೇಟ್ ಸ್ಟ್ರಿಪ್ ಬಂತು. ಕೀಲುವಾತಕ್ಕೆ ಕೊಡುವ ಮಾತ್ರೆ, ವಾರಕ್ಕೆ ಒಂದೇ ದಿನ ತಗೋಬೇಕು. ದಿನಾ ತಗೊಂಡರೆ ರಕ್ತಕಣಗಳೇ ಕಡಿಮೆಯಾಗಿ ಜೀವಕ್ಕೇ ಕುತ್ತು ಬರಬಹುದು, ಬಾಯಿಹುಣ್ಣು ಅದರ ಮೊದಲ ಸೂಚನೆ ಇರಬಹುದು. ಅಜ್ಜ ಆರು ದಿನ ಆರು ಮಾತ್ರೆ ನುಂಗಿದ್ದರು. ಜೊತೆಗೆ ಕೊಟ್ಟಿದ್ದ ಫೋಲಿಕ್ ಆಸಿಡ್ ಕೂಡ ಪುಟ್ಟ ಹಳದಿ ಮಾತ್ರೆಯೇ, ಎರಡಕ್ಕೂ ಅದಲುಬದಲಾಗಿತ್ತು. ಕೊಟ್ಟವಳು ನಾನು, ಬೀಳುವ ಹಿಂದಿನ ದಿನ. ವಾರಕ್ಕೊಂದು ಅಂತ ಮೊಮ್ಮಗನಿಗೆ ಹೇಳಿದ್ದೆ, ಅವನು ಬೆಂಗಳೂರಿಗೆ ಹೊರಟುಹೋಗಿದ್ದ. ನುಂಗುವವರಿಗೆ ಹೇಳಿರಲಿಲ್ಲ! ಗೆಳತಿ ಆಗಲೇ ಡಾಕ್ಟರಿಗೆ ಫೋನ್ ಮಾಡಿ, ಆಟೋ ಕರೆಸಿ ಕಳಿಸಿಕೊಟ್ಟಳು. ಒಂದು ವಾರ ಅಡ್ಮಿಟ್ ಆಗಿದ್ದರು, ಈಗ ಚೆನ್ನಾಗಿದ್ದಾರೆ. ಮೊನ್ನೆ ಅಂಗಡಿಗೆ ಬಂದಿದ್ದರು. ನಾನು ಕ್ಷಮೆ ಕೇಳಿದರೆ, "ಬುಡವ್ವ, ನಿನ್ ಕಾಲೆಂಗದೆ" ಅಂದರು. ಈಗ ಆ ಸ್ಟ್ರಿಪ್ ಮೇಲೆ ಮಾರ್ಕರ್‌ನಲ್ಲಿ "ಭಾನುವಾರ ಮಾತ್ರ" ಅಂತ ದಪ್ಪಕ್ಕೆ ಬರೆದೇ ಕೊಡುತ್ತಿದ್ದೇನೆ.

ನಮ್ಮ ಅಂಗಡಿ ಹುಡುಗನಿಗೂ ಥ್ಯಾಂಕ್ಸ್. ಶಟರ್ ಎಳೆದಿದ್ದ ಆ ನಾಲ್ಕು ದಿನವೂ ಬಂದು ಫ್ರಿಜ್ ನೋಡಿದ್ದಾನೆ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಹೆಪ್ಪುಗಟ್ಟಿದರೂ ಬಿಸಾಡಬೇಕು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬರಲೇ ಇಲ್ಲವಂತೆ, ಎಲ್ಲವನ್ನೂ ಡಬ್ಬಿಗೆ ತುಂಬಿ, ಥರ್ಮಾಮೀಟರ್ ಸಮೇತ ಪಕ್ಕದ ಹಾಲಿನ ಬೂತಿನ ಫ್ರಿಜ್‌ನಲ್ಲಿ ಇಟ್ಟಿದ್ದಾನೆ. ಜಾಗ ಕೊಟ್ಟ ಬೂತಿನ ಅಣ್ಣನಿಗೂ ನಮಸ್ಕಾರ. ಆ ದಿನ ಅವರ ಮೊಸರೆಲ್ಲ ಹೊರಗೆ ಕೂತಿತ್ತಂತೆ.

ಇನ್ನು ಗಿರಾಕಿಗಳು. ಅರ್ಧ ಜನ ಕಾಲು ಸೂಪ್ ಕಳಿಸಿದರು, ಇನ್ನರ್ಧ ಜನ ಪುತ್ತೂರು ಕಟ್ಟು ಹಾಕಿಸಿಕೋ ಅಂದರು. ಸೂಪ್ ಕುಡಿದೆ.

ಗೆಳತೀ, ಎಚ್1 ರಿಜಿಸ್ಟರ್ (ಕೆಲವು ಆಂಟಿಬಯಾಟಿಕ್‌ನಂಥ ಔಷಧಿ ಯಾರಿಗೆ ಕೊಟ್ಟೆವು ಅಂತ ಬರೆದಿಡುವ ಪುಸ್ತಕ) ತಿರುವಿ ನೋಡಿದೆ. ಪೇಷಂಟ್ ಹೆಸರು, ಡಾಕ್ಟರ್ ಹೆಸರು, ಔಷಧಿ, ಎಷ್ಟು ಕೊಟ್ಟೆ, ಒಂದು ಸಾಲೂ ಬಿಟ್ಟಿಲ್ಲ ನೀನು. ಮೂರು ವರ್ಷ ಇಡಬೇಕಾದ ಪುಸ್ತಕ, ನಾನು ಅದಕ್ಕಿಂತ ಜಾಸ್ತಿ ದಿನ ಇಟ್ಟುಕೊಳ್ಳುತ್ತೇನೆ. ಸಂಬಳ ಅಂತ ಕೊಟ್ಟ ಕವರನ್ನು ಡ್ರಾಯರಿನಲ್ಲೇ ಬಿಟ್ಟುಹೋಗಿದ್ದೀಯಲ್ಲ, ಭಾನುವಾರ ಮೈಸೂರಿಗೆ ತರುತ್ತಿದ್ದೇನೆ, ಸುಮ್ನೆ ತಗೋ.