‘ನೋಡುವ’ ಎಂದು ಹೋದವರು ಮರಳಿ ಬರಲಿ

ಮಾನ್ಯ ಸಂಪಾದಕರೇ,

ಒಳ್ಳೆಯ ನಾಯಕನಲ್ಲಿ ಇರಬೇಕಾದ ಗುಣಗಳ ಕುರಿತು ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ವಾಕ್ಚಾತುರ್ಯ, ಧೈರ್ಯ, ದೂರದೃಷ್ಟಿ, ಪ್ರಾಮಾಣಿಕತೆ ಎಂದು ಬರೆದವರ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿ, ನಿವೃತ್ತಿಯ ಬಳಿಕ ನಮ್ಮ ವಾರ್ಡಿನ ಗ್ರಾಮಸಭೆಗಳನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತ ಬಂದ ನನಗೆ, ಈ ಪಟ್ಟಿಯಲ್ಲಿ ಮುಖ್ಯವಾದ ಗುಣವೊಂದು ಬಿಟ್ಟುಹೋಗಿದೆ ಅನ್ನಿಸುತ್ತದೆ. ಜನ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡು, ಹೋಗಿ ವಿಚಾರಿಸಿ, ಆಗುವುದಿಲ್ಲ ಎಂಬ ಉತ್ತರವಾದರೂ ಸರಿ, ಅದೇ ಜನರ ಎದುರು ಬಂದು ನಿಂತು ಹೇಳುವ ಗುಣ ಅದು.

ನಮ್ಮ ಕಡೆಯ ನಾಯಕರಿಗೆ ಬಹಳ ಪ್ರಿಯವಾದ ಮಾತೊಂದಿದೆ. ಕನ್ನಡದಲ್ಲಿ ಅದು ‘ನೋಡುವ’, ಅಂದರೆ ‘ನೋಡೋಣ’, ತುಳುವಿನಲ್ಲಿ ‘ತೂಕ’, ಮಲಯಾಳದಲ್ಲಿ ‘ನೋಕ್ಕಾಂ’. ಸಪ್ತಭಾಷೆಗಳ ನಾಡೆಂದು ವೇದಿಕೆಗಳಲ್ಲಿ ಹೊಗಳಿಸಿಕೊಳ್ಳುವ ಕಾಸರಗೋಡಿನಲ್ಲಿ ಅನುವಾದದ ತೊಂದರೆಯೇ ಇಲ್ಲದ ಮಾತು ಇದೊಂದೇ ಇರಬೇಕು. ಹೇಳಿದವರು ಆಮೇಲೆ ನೋಡುವುದಿಲ್ಲ, ಕೇಳಿದವರು ಮೊದಲೇ ನಂಬುವುದಿಲ್ಲ.

1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಸಭೆ ಕರೆಯುವ ಹೊಣೆ ವಾರ್ಡ್ ಸದಸ್ಯರದು. ಸತತ ಎರಡು ಬಾರಿ ಕರೆಯದಿದ್ದರೆ ಅವರ ಸದಸ್ಯತ್ವಕ್ಕೇ ಕುತ್ತು. ಆದುದರಿಂದ ಸಭೆಗಳೇನೋ ನಡೆಯುತ್ತವೆ. ಆದರೆ ಹೋದ ಸಭೆಯಲ್ಲಿ ಕೇಳಿದ್ದು ಏನಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಕಾಯ್ದೆಯ ಭಯದಿಂದ ಬರುವಂಥದಲ್ಲ, ಅದು ಆ ವ್ಯಕ್ತಿಯ ಸ್ವಭಾವದಲ್ಲಿಯೇ ಇರಬೇಕು.

ಕೆಲವು ವರ್ಷಗಳ ಹಿಂದಿನ ಒಂದು ಸಭೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 2010ರ ಚುನಾವಣೆಯಿಂದ ಇಲ್ಲಿಯ ಪಂಚಾಯತ್‌ಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆಯಷ್ಟೆ. ಆಗ ನಮ್ಮ ವಾರ್ಡಿನ ಸದಸ್ಯೆಯಾಗಿದ್ದವರು ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಅಯಲ್ಕೂಟದಲ್ಲಿ (ನೆರೆಹೊರೆಯ ಗುಂಪಿನಲ್ಲಿ) ವಾರವಾರವೂ ಉಳಿತಾಯದ ಲೆಕ್ಕ ಬರೆದು ಪಳಗಿದವರು. (ಸದಸ್ಯೆಯ ಬದಲಿಗೆ ಗಂಡನೇ ಎದ್ದು ಉತ್ತರ ಕೊಡುವ ಸಭೆಗಳನ್ನೂ ಕಂಡಿದ್ದೇನೆ, ಇವರ ಗಂಡ ಚಹಾ ಹಂಚಿ ತೋಟಕ್ಕೆ ಹೋಗುತ್ತಿದ್ದರು.) ತೋಡಿನ (ಹಳ್ಳದ) ಆಚೆ ಬದಿಯ ವಯಸ್ಸಾದ ಹೆಂಗಸೊಬ್ಬರು ಎದ್ದು, ಅಡಿಕೆ ಮರ ಹಾಸಿದ ಸಂಕ (ಕಾಲುಸೇತುವೆ) ಕೊಳೆತು ಕುಂಬಾಗಿದೆಯೆಂದೂ, ಮಳೆಗಾಲದಲ್ಲಿ ಶಾಲೆಯ ಮಕ್ಕಳನ್ನು ಅದರ ಮೇಲೆ ದಾಟಿಸಲು ಹೆದರಿಕೆಯಾಗುತ್ತದೆಯೆಂದೂ ತುಳುವಿನಲ್ಲಿ ಹೇಳಿದರು. ಮಿನಿಟ್ಸ್ ಬರೆಯಲು ಬಂದಿದ್ದ ನೌಕರರಿಗೆ ತುಳು ಬಾರದು. ಅವರು ಮಲಯಾಳದಲ್ಲಿ ‘ರಸ್ತೆ ದುರಸ್ತಿ’ ಎಂದು ಬರೆದು ಮುಂದಿನ ಅರ್ಜಿಗೆ ಕೈಹಾಕಿದ್ದರು. ಸದಸ್ಯೆ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿ ಓದಿ, “ಅಕ್ಕ ಕೇಳಿದ್ದು ರಸ್ತೆಯಲ್ಲ, ಸಂಕ” ಎಂದು ಆ ಸಾಲನ್ನು ಹೊಡೆದು ಬೇರೆ ಬರೆಸಿದರು. ಬರೆದದ್ದನ್ನು ಆ ಹೆಂಗಸಿಗೆ ತುಳುವಿನಲ್ಲಿ ಓದಿ ಹೇಳಿದರು. ಜೊತೆಗೆ ಮಕ್ಕಳ ಕಾಪಿ ಪುಸ್ತಕದಂಥ ತನ್ನದೇ ಒಂದು ಪುಸ್ತಕದಲ್ಲೂ ಗುರುತು ಮಾಡಿಕೊಂಡರು.

ಮುಂದಿನ ಸಭೆಯಲ್ಲಿ ಅವರು ಮೊದಲು ತೆರೆದದ್ದು ಆ ಕಾಪಿ ಪುಸ್ತಕವನ್ನೇ. ಆದದ್ದು ಮೂರೋ ನಾಲ್ಕೋ, ಆಗದೆ ಉಳಿದದ್ದೇ ಹೆಚ್ಚು. “ಅಕ್ಕಾ, ಸಂಕ ಈ ವರ್ಷದ ಯೋಜನೆಯಲ್ಲಿ ಬರಲಿಲ್ಲ, ನಾನು ಕೇಳಿದ್ದೆ, ಬೇರೆ ವಾರ್ಡಿನ ನೀರಿನ ಕಟ್ಟಕ್ಕೆ ಹಣ ಹೋಯಿತು” ಎಂದು ನೇರವಾಗಿ ಹೇಳಿದರು. ಆ ಹೆಂಗಸು ಸಭೆಯಲ್ಲೇ ಚೆನ್ನಾಗಿ ಬೈದರು. ಸದಸ್ಯೆ ನಿಂತುಕೊಂಡೇ ಬೈಸಿಕೊಂಡರು. ಸಂಕ ಆದದ್ದು ಮತ್ತೆರಡು ಮಳೆಗಾಲ ಕಳೆದ ಮೇಲೆ. ಆದರೆ ಆ ಎರಡು ವರ್ಷವೂ ತೋಡಿನ ಆಚೆಯವರು ಗ್ರಾಮಸಭೆಗೆ ಬರುವುದನ್ನು ಬಿಡಲಿಲ್ಲ ಎಂಬುದನ್ನು ನಾನು ಗಮನಿಸಿದ್ದೇನೆ.

ನಮಗೆ ಮಾತಿನ ಮೋಹ ಹೆಚ್ಚು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಅದು ತಪ್ಪಿದ್ದಲ್ಲ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಒಂದು ಮಾತಿಗೆ ರಾತ್ರಿಯಿಡೀ ಕುಳಿತವರು ನಾವು. ನಾಯಕನನ್ನೂ ಅರ್ಥಧಾರಿಯನ್ನು ಅಳೆದಂತೆಯೇ ಅಳೆಯುತ್ತೇವೆ. ಆದರೆ ಯಕ್ಷಗಾನದ ಆಟವನ್ನು ನಡೆಸುವವನು ಬಣ್ಣ ಹಚ್ಚದೆ ಜಾಗಟೆ ಹಿಡಿದು ಕುಳಿತು ಹಾಡುವ ಭಾಗವತನಲ್ಲವೇ? ಎದುರಿನವರ ಪ್ರತಿ ಮಾತಿಗೂ ಕಿವಿಗೊಟ್ಟರೆ ಮಾತ್ರ ಅವನಿಗೆ ಮುಂದಿನ ಪದ್ಯ ಎತ್ತುವ ಹೊತ್ತು ತಿಳಿಯುತ್ತದೆ. ಲಂಬಿಸುವವರನ್ನು ನಿಲ್ಲಿಸುವುದೂ ಅವನಿಗೇ ಗೊತ್ತು.

ಕೇಳಿಸಿಕೊಳ್ಳುವವರಿಗೆ ಅಧಿಕಾರದ ಸ್ಥಾನವೇ ಬೇಕೆಂದೇನೂ ಇಲ್ಲ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಯಿತು, ಸುತ್ತಲಿನ ಜನ ಕಾಯಿಲೆ ಬಿದ್ದರು. ಪಡ್ರೆ ಎಂಬ ಊರಿನಲ್ಲಿ ತನ್ನ ಬಳಿಗೆ ಬರುತ್ತಿದ್ದ ರೋಗಿಗಳ ಮಾತನ್ನು ಹಗುರಾಗಿ ತಳ್ಳಿಹಾಕದೆ ಬರೆದು ತಿಳಿಸಿದವರು ಡಾ. ವೈ. ಎಸ್. ಮೋಹನ ಕುಮಾರ್, ಅದನ್ನು ನಾಡಿಗೆ ಮುಟ್ಟಿಸಿದವರು ಪತ್ರಕರ್ತ ಶ್ರೀಪಡ್ರೆ. ಪೆರಿಯದಲ್ಲಿ ಕೃಷಿ ಇಲಾಖೆಯ ಸಾಮಾನ್ಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಿಂದ ಸಿಂಪಡಣೆಗೆ ತಡೆ ತಂದರು. ಇವರಲ್ಲಿ ಯಾರೂ ಮತ ಕೇಳಿ ಬಂದವರಲ್ಲ. ಇತ್ತ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿ ಮೂರು ತಿಂಗಳ ಗಡುವು ಕೊಟ್ಟಿತು. 2022ರಲ್ಲಿ ಅದೇ ನ್ಯಾಯಾಲಯ ಸರಕಾರದ ವಿಳಂಬವನ್ನು ಮತ್ತೊಮ್ಮೆ ಕಟುವಾಗಿ ಟೀಕಿಸಬೇಕಾಯಿತು. ಹಾಸಿಗೆ ಹಿಡಿದ ಮಕ್ಕಳ ತಾಯಂದಿರಿಗೆ ಆ ಐದು ವರ್ಷಗಳಲ್ಲಿ ‘ನೋಡುವ’ ಎಂಬ ಮಾತು ಎಷ್ಟು ಸಲ ಕಿವಿಗೆ ಬಿದ್ದಿರಬಹುದು!

ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ವಿಷಯದಲ್ಲಿ ಹೇಳಬೇಕಾದದ್ದೂ ಇದೇ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕನ್ನಡ ನಾಡಿಗೆ ಸೇರಬೇಕೆಂದು ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲೇ ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. ಹಲವು ನಾಯಕರು ಚುನಾವಣೆಗೊಮ್ಮೆ ಅದನ್ನು ನೆನಪಿಸಿ ಮರೆತರು. ರೈಗಳು 2015ರಲ್ಲಿ ನೂರು ವರ್ಷ ತುಂಬಿ ತೀರಿಕೊಳ್ಳುವವರೆಗೂ, ಆಗಲಿಲ್ಲ ಎಂಬುದನ್ನು ಮುಚ್ಚಿಡದೆಯೇ ಆ ಬೇಡಿಕೆಯ ಜೊತೆ ನಿಂತರು. ಆ ಬೇಡಿಕೆಯನ್ನು ಒಪ್ಪದವರೂ ಅವರ ಮಾತನ್ನು ನಂಬುತ್ತಿದ್ದುದು ಬಹುಶಃ ಇದೇ ಕಾರಣಕ್ಕೆ.

ಕೊನೆಗೆ ತಮ್ಮಲ್ಲಿ ಒಂದು ವಿನಂತಿ. ಚುನಾವಣೆ ಬಂದಾಗ ಅಭ್ಯರ್ಥಿಗಳ ಭಾವಚಿತ್ರಗಳನ್ನೂ ಭರವಸೆಗಳನ್ನೂ ತಾವು ಪುಟ ತುಂಬ ಪ್ರಕಟಿಸುತ್ತೀರಿ. ಅದರಲ್ಲಿ ಕಾಲು ಪುಟವನ್ನಾದರೂ ಮೂರು ತಿಂಗಳಿಗೊಮ್ಮೆ ಗ್ರಾಮಸಭೆಗಳಿಗೆ ಮೀಸಲಿಟ್ಟು, ಯಾವ ವಾರ್ಡಿನಲ್ಲಿ ಹಿಂದಿನ ಸಭೆಯ ಬೇಡಿಕೆಗಳಿಗೆ ಸದಸ್ಯರು ಏನು ಉತ್ತರ ತಂದರು ಎಂಬುದನ್ನು ಅಚ್ಚು ಹಾಕಿಸಬಹುದೇ? ನಮ್ಮ ವಾರ್ಡಿನ ವರದಿಯನ್ನು ತಪ್ಪದೆ ಬರೆದು ಕಳುಹಿಸಲು ನಾನು ಸಿದ್ಧನಿದ್ದೇನೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ
ಕಾಸರಗೋಡು ಜಿಲ್ಲೆ