ಅಸಲಿ ಎಂದು ಸರ್ಟಿಫಿಕೇಟ್ ಕೊಟ್ಟ ನಕಲಿ ಒಮೆಗಾ ವಾಚಿನ ಬಗ್ಗೆ ದೂರು

ಇವರಿಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು,
ಸೆಕೆಂಡ್ ಹ್ಯಾಂಡ್ ಲಕ್ಷುರಿ ವಾಚುಗಳ ಆನ್‌ಲೈನ್ ಮಾರಾಟ ಸಂಸ್ಥೆ, ಬೆಂಗಳೂರು

ವಿಷಯ: ನೀವು ಪರೀಕ್ಷೆ ಮಾಡಿ ಮಾರಿದ ವಾಚು ನಕಲಿ. ಹಣ ವಾಪಸ್ ಕೊಡುವ ಬಗ್ಗೆ.

ಮಾನ್ಯರೇ,

ನಿಮ್ಮಿಂದ ಕೊಂಡ ಒಮೆಗಾ ಸೀಮಾಸ್ಟರ್ ಡೈವರ್ 300ಎಂ ವಾಚು ನಕಲಿ. ಅನುಮಾನ ಇದೆ ಅಂತ ಬರೆಯುತ್ತಿಲ್ಲ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನವರು ಹಿಂಬದಿ ಬಿಚ್ಚಿ ನೋಡಿ, ಇದು ನಮ್ಮ ತಯಾರಿಕೆ ಅಲ್ಲ, ಸರ್ವಿಸ್ ಮಾಡಲು ಆಗುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ. ವಾಚಿಗೆ 3,65,000 ರೂಪಾಯಿ ಕೊಟ್ಟಿದ್ದೇನೆ. ಅದರ ಮೇಲೆ ನಿಮ್ಮ ‘ತಜ್ಞರ ತಪಾಸಣೆ’ಗೆ ಬೇರೆ 4,500 ರೂಪಾಯಿ. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಜಾಸ್ತಿ ಬಂದಿರುವುದು ಈ 4,500ಕ್ಕೆ.

ಮೊದಲ ಕೆಲವು ವಾರ ವಾಚು ಚೆನ್ನಾಗಿಯೇ ನಡೆಯಿತು. ಒಂದು ರಾತ್ರಿ ಅದನ್ನು ಬಿಚ್ಚಿ ಮಗಳ ಟ್ಯಾಬ್ಲೆಟ್ ಕವರಿನ ಮೇಲೆ ಇಟ್ಟು ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ನಿಮಿಷಗಟ್ಟಲೆ ಮುಂದೆ ಓಡಿತ್ತು. ಮಾರನೇ ದಿನ ಇನ್ನೂ ಮುಂದೆ. ಆ ಕವರಿನಲ್ಲಿ ಅಯಸ್ಕಾಂತ ಇದೆ. ಮೆಕ್ಯಾನಿಕಲ್ ವಾಚಿಗೂ ಅಯಸ್ಕಾಂತಕ್ಕೂ ಆಗಿಬರಲ್ಲ ಅನ್ನುವುದು ಹೊಸ ವಿಷಯ ಏನಲ್ಲ. ಆದರೆ ಈ ಮಾಡೆಲ್‌ಗೆ ಅದು ಆಗಲೇಬಾರದು.

ಯಾಕೆ ಅಂತ ನಿಮ್ಮ ತಜ್ಞರಿಗೆ ಗೊತ್ತಿರಬೇಕಿತ್ತು. 2018ರಲ್ಲಿ ಬಂದ ಈ ಸೀಮಾಸ್ಟರ್ ಒಳಗೆ ಇರುವುದು ಕ್ಯಾಲಿಬರ್ 8800 ಅನ್ನುವ ಯಂತ್ರ. ಅದರ ಹೇರ್‌ಸ್ಪ್ರಿಂಗ್, ಅಂದರೆ ವಾಚಿನ ತಾಳ ಹಿಡಿಯುವ ಕೂದಲೆಳೆಯಂಥ ಸುರುಳಿ, ಸಿಲಿಕಾನ್‌ನದ್ದು, ಅಯಸ್ಕಾಂತಕ್ಕೆ ಜಗ್ಗುವುದಿಲ್ಲ. 15,000 ಗಾಸ್ (ಅಯಸ್ಕಾಂತದ ಬಲ ಅಳೆಯುವ ಮಾನ) ತನಕ ತಡೆಯುತ್ತದೆ ಎಂದು ಸ್ವಿಟ್ಜರ್ಲೆಂಡಿನ ಸರ್ಕಾರಿ ಮಾಪನ ಸಂಸ್ಥೆ ಮೆಟಾಸ್‌ನ ಮಾನದಂಡದಂತೆ ಪರೀಕ್ಷೆ ಆಗಿ ಬರುತ್ತದೆ. ಬೇರೆ ವಾಚುಗಳು ‘ಆಂಟಿಮ್ಯಾಗ್ನೆಟಿಕ್’ ಅಂತ ಬರೆಸಿಕೊಳ್ಳಲು ಸುಮಾರು 60 ಗಾಸ್ ತಡೆದರೆ ಸಾಕು. ಮೆಟಾಸ್ ಪರೀಕ್ಷೆ ಪಾಸಾದ ಗುರುತಾಗಿ ಡಯಲ್ ಮೇಲೆ ‘ಮಾಸ್ಟರ್ ಕ್ರೋನೋಮೀಟರ್’ ಅಂತ ಬರೆದುಕೊಂಡ ವಾಚು ಟ್ಯಾಬ್ಲೆಟ್ ಕವರಿಗೆ ಹೆದರಿ ಓಡುತ್ತದೆ ಅಂದರೆ ಒಳಗೆ ಬೇರೆ ಏನೋ ಇದೆ ಅಂತ ಅರ್ಥ ಅಲ್ವಾ?

ಮೈಸೂರಿನಲ್ಲಿ ನಾವು ಮೊದಲಿನಿಂದ ಹೋಗುವ ವಾಚ್ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆ. ಎಚ್‌ಎಂಟಿ ಕೀ ವಾಚುಗಳ ಕಾಲದಿಂದ ಅದೇ ಸ್ಟೂಲ್ ಮೇಲೆ ಕೂತವರು. ವಾಚು ನೋಡಿದ ತಕ್ಷಣ ಅವರು ನಕಲಿ ಅನ್ನಲಿಲ್ಲ, ಒಳ್ಳೆ ವಾಚು ಅಂದರು. ಡ್ರಾಯರ್‌ನಿಂದ ಒಂದು ಚಿಕ್ಕ ದಿಕ್ಸೂಚಿ ತೆಗೆದು ಮೇಜಿನ ಮೇಲಿಟ್ಟು ವಾಚನ್ನು ಅದರ ಪಕ್ಕಕ್ಕೆ ತಂದರು. ಮುಳ್ಳು ಗಡಗಡ ನಡುಗತೊಡಗಿತು. ಒಳಗಿನ ಬ್ಯಾಲೆನ್ಸ್ ಚಕ್ರ ಹೇರ್‌ಸ್ಪ್ರಿಂಗ್ ಜೊತೆ ಹೇಗೆ ಅತ್ತಿತ್ತ ಆಡುತ್ತದೋ ಅದೇ ತಾಳಕ್ಕೆ. ‘ಸ್ಪ್ರಿಂಗ್ ಉಕ್ಕಿಂದು’ ಅಂತ ಅಷ್ಟೇ ಹೇಳಿದರು. ಉಕ್ಕಿನ ಸ್ಪ್ರಿಂಗ್ ಅಯಸ್ಕಾಂತ ಹಿಡಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗ್ ಗಿಡ್ಡ ಆದ ಹಾಗೆ ಆಗಿ ವಾಚು ಓಟ ಕೀಳುತ್ತದೆ. ಆಮೇಲೆ ವಾಚನ್ನು ಒಂದು ನೀಲಿ ಡಬ್ಬಿಯ ಮೇಲಿಟ್ಟು ಗುಂಡಿ ಒತ್ತಿ ಅಯಸ್ಕಾಂತ ಇಳಿಸಿದರು. ವಾಚಿನ ಓಟವನ್ನು ಗೆರೆಯಾಗಿ ತೋರಿಸುವ ಟೈಮಿಂಗ್ ಮಷೀನಿಗೆ ಹಾಕಿದರೆ, ಮೊದಲು ಮೇಲಕ್ಕೇರುತ್ತಿದ್ದ ಗೆರೆ ಈಗ ನೆಟ್ಟಗೆ ಬಂತು. ಗಂಟೆಗೆ 25,200 ಬಡಿತ, ಅಸಲಿ 8800ರಲ್ಲಿ ಎಷ್ಟೋ ಅಷ್ಟೇ. ಅಂದರೆ ನಕಲು ಮಾಡಿದವನು ಬಡಿತದ ಲೆಕ್ಕವನ್ನೂ ಬಿಟ್ಟಿಲ್ಲ!

ಸರ್ವಿಸ್ ಸೆಂಟರ್‌ನಲ್ಲಿ ಉಳಿದದ್ದು ಗೊತ್ತಾಯಿತು. ಒಮೆಗಾದ ಹೆಮ್ಮೆ ಇರುವುದು ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್‌ನಲ್ಲಿ, ಅಂದರೆ ಚಕ್ರಗಳನ್ನು ತಾಳಕ್ಕೆ ತಕ್ಕಂತೆ ಒಂದೊಂದೇ ಹಲ್ಲು ಮುಂದೆ ಬಿಡುವ ಭಾಗದಲ್ಲಿ. ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ ಕಂಡುಹಿಡಿದದ್ದು, 1999ರಿಂದ ಒಮೆಗಾ ತನ್ನ ವಾಚುಗಳಲ್ಲಿ ಹಾಕುತ್ತಿದೆ. ಒಂದರ ಮೇಲೊಂದು ಹಲ್ಲುಚಕ್ರ ಜೋಡಿಸಿದ ಆ ಕೆಲಸ ನಕಲು ಮಾಡುವುದು ಕಷ್ಟ. ನೀವು ಮಾರಿದ ವಾಚಿನಲ್ಲಿ ಅದರ ಜಾಗದಲ್ಲಿ ಮಾಮೂಲಿ ಲಿವರ್ ಇದೆ, ಎರಡು ಕೆಂಪು ಕಲ್ಲಿನದ್ದು. ಆದರೆ ಹಿಂಬದಿಯ ಗಾಜಿನಿಂದ ಕಾಣುವ ಭಾಗಗಳನ್ನು ನೋಡಿ: ಸುರುಳಿ ಸುರುಳಿ ಗೆರೆ, ಕೆಂಪು ಅಕ್ಷರ, ಕಪ್ಪು ಸ್ಕ್ರೂ, ಎಲ್ಲವೂ ಅಚ್ಚೊತ್ತಿದ ಹಾಗಿವೆ. ಕಣ್ಣಿಗೆ ಬೀಳುವುದಕ್ಕೆಲ್ಲ ಶ್ರಮ ಹಾಕಿದ್ದಾರೆ, ಬೀಳದ ಕಡೆ ಖರ್ಚು ಉಳಿಸಿದ್ದಾರೆ.

ಈಗ ನಿಮ್ಮ ಸರ್ಟಿಫಿಕೇಟಿಗೆ ಬರುತ್ತೇನೆ. ತೂಕ ಸರಿ ಇದೆ. ಸೆಕೆಂಡ್ ಮುಳ್ಳು ಜಾರುತ್ತದೆ, ಕುಪ್ಪಳಿಸುವುದಿಲ್ಲ. ಡಯಲ್ ಪ್ರಿಂಟ್ ಸ್ಪಷ್ಟ. ಅಲೆಗಳ ಕೆತ್ತನೆ ಸರಿ. ಹತ್ತು ಗಂಟೆಯ ಕಡೆ ಹೀಲಿಯಂ ವಾಲ್ವ್ ಇದೆ. ಸೀರಿಯಲ್ ನಂಬರ್ ಇದೆ. ಬಾಕ್ಸು, ಕಾರ್ಡು ಇವೆ. ಹೀಗೆ ಸಾಲಾಗಿ ಹಸಿರು ಟಿಕ್. ಇದೆಲ್ಲ ಯಾವ ಕಾಲದ ಪರೀಕ್ಷೆ ಸ್ವಾಮಿ? ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಬ್ಯಾಟರಿ ಹಾಕಿದ ‘ರೋಲೆಕ್ಸ್’ ಮಾರುತ್ತಿದ್ದಾಗ ಸೆಕೆಂಡ್ ಮುಳ್ಳು ನೋಡಿದರೆ ಸಾಕಿತ್ತು. ತೂಕ ಹಗುರ, ಸ್ಪೆಲಿಂಗ್ ತಪ್ಪು, ಬಣ್ಣ ಕೈಗೆ ಹತ್ತುತ್ತಿತ್ತು. ತಾರೀಖಿನ ಮೇಲಿನ ಭೂತಗಾಜು ಅಸಲಿ ರೋಲೆಕ್ಸಿನಲ್ಲಿ ಎರಡೂವರೆ ಪಟ್ಟು ದೊಡ್ಡದು ಮಾಡಿ ತೋರಿಸಬೇಕು, ನಕಲಿಯಲ್ಲಿ ಅಷ್ಟು ತೋರಿಸುತ್ತಿರಲಿಲ್ಲ. ‘ಫಸ್ಟ್ ಕಾಪಿ’ ಅನ್ನುವವರಿಗೂ ಅದು ಕಾಪಿ ಅಂತ ಗೊತ್ತಿತ್ತು, ಕೊಳ್ಳುವವರಿಗೂ ಗೊತ್ತಿತ್ತು. ಯಾರಿಗೂ ಮೋಸ ಇರಲಿಲ್ಲ, ಒಂದು ಲೆಕ್ಕದಲ್ಲಿ.

ಈಗಿನ ಮಾತೇ ಬೇರೆ. ಚೀನಾದ ಗುವಾಂಗ್‌ಡಾಂಗ್ ಕಡೆಯ ವರ್ಕ್‌ಶಾಪುಗಳು ಅಸಲಿ ವಾಚನ್ನೇ ಕೊಂಡು, ಬಿಚ್ಚಿ, ಒಂದೊಂದು ಭಾಗ ಅಳೆದು ‘ಸೂಪರ್ ಕ್ಲೋನ್’ ಮಾಡುತ್ತವೆ. ಸೆರಾಮಿಕ್ ಬೆಜೆಲ್ (ಡಯಲ್ ಸುತ್ತಲಿನ ಬಳೆ), ಸಫೈರ್ ಗಾಜು, ರೋಲೆಕ್ಸ್ ಬಳಸುವ 904ಎಲ್ ಉಕ್ಕು, ಎಲ್ಲವೂ ಅವರಿಗೆ ಸಿಗುತ್ತವೆ. ರೋಲೆಕ್ಸ್ 3135 ಯಂತ್ರವನ್ನೇ ಹೋಲುವ ಯಂತ್ರ ಮಾಡಿದ್ದಾರೆ. ನೀವು ನೋಡುವ ಪ್ರತಿಯೊಂದು ಅಂಶ ನಿಮ್ಮ ವೆಬ್‌ಸೈಟಿನಲ್ಲೇ ಹಾಕಿದ್ದೀರಿ, ಫೋಟೋ ಸಮೇತ, ‘ಅಸಲಿಯನ್ನು ಗುರುತಿಸುವುದು ಹೇಗೆ’ ಅಂತ. ನಿಮ್ಮ ತಪಾಸಣೆ ಪ್ರಶ್ನೆಪತ್ರಿಕೆ ಲೀಕ್ ಆದ ಪರೀಕ್ಷೆ. ಅದರಲ್ಲಿ ನೂರಕ್ಕೆ ನೂರು ಬಂದರೆ ಏನು ಬಂತು? ಇನ್ನು ಕಾರ್ಡು, ಸೀರಿಯಲ್ ನಂಬರು: ಒಂದೇ ನಂಬರ್ ಎಷ್ಟೋ ನಕಲಿಗಳ ಮೇಲೆ ಕೂತಿರುತ್ತದೆ. ನಂಬರ್ ‘ಇದೆ’ ಎಂದು ಟಿಕ್ ಹಾಕುವುದು ತಪಾಸಣೆ ಅಲ್ಲ. ಆ ನಂಬರ್ ಅದೇ ವಾಚಿನದ್ದೇ ಎಂದು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ನೋಡಬಹುದಿತ್ತು.

ನಿಮ್ಮ ಕಸ್ಟಮರ್ ಕೇರ್‌ನಿಂದ ಬಂದ ಉತ್ತರಗಳನ್ನೂ ಇಲ್ಲಿ ಬರೆದಿಡುತ್ತೇನೆ, ನೀವು ಓದಿರಲಿಕ್ಕಿಲ್ಲ. ರಿಟರ್ನ್ ಅವಧಿ 7 ದಿನ, ಮುಗಿದಿದೆ ಅಂದರು. ಹಿಂಬದಿ ಬಿಚ್ಚಿಸಿದ್ದರಿಂದ ವಾರಂಟಿ ರದ್ದು ಅಂದರು. ಬಿಚ್ಚದೆ ನಕಲಿ ಅಂತ ಸಾಬೀತು ಮಾಡುವುದು ಹೇಗೆ ಅಂತ ಕೇಳಿದ್ದಕ್ಕೆ ಲೈನ್ ಹೋಲ್ಡ್‌ಗೆ ಹಾಕಿದರು. ಕೊನೆಗೆ ಒಬ್ಬರು ಕೊಟ್ಟ ಸಲಹೆ ಕೇಳಿ: ‘ಸರ್, ನಮ್ಮ ಆ್ಯಪ್‌ನಲ್ಲೇ ರೀಸೇಲ್‌ಗೆ ಹಾಕಿ, ಕಮಿಷನ್ ಬಿಡುತ್ತೇವೆ.’ ನಕಲಿ ಟ್ರೇಡ್‌ಮಾರ್ಕ್ ಇರುವ ಸರಕು ಅಂತ ತಿಳಿದೂ ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅಪರಾಧ. ಅಂಥ ಕೆಲಸಕ್ಕೆ ನೀವು ಗ್ರಾಹಕನಿಗೆ ಡಿಸ್ಕೌಂಟ್ ಕೊಡುತ್ತಿದ್ದೀರಿ. ಆ ಕರೆಯ ರೆಕಾರ್ಡಿಂಗ್ ನನ್ನ ಹತ್ತಿರ ಇದೆ.

ಇಮೇಲ್‌ನಲ್ಲಿ ಬಂದದ್ದು ಇನ್ನೊಂದು ಹಾರಿಕೆ ಉತ್ತರ: ‘ಜಗತ್ತಿನ ದೊಡ್ಡ ತಜ್ಞರೇ ಮೋಸ ಹೋಗುತ್ತಾರೆ.’ ಹೋಗುತ್ತಾರೆ, ಒಪ್ಪಿದೆ. 2021ರಲ್ಲಿ ಜಿನೀವಾದ ಹರಾಜಿನಲ್ಲಿ ಒಂದು ಹಳೆಯ ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಜಾಸ್ತಿ ಬೆಲೆಗೆ ಹೋಯಿತು. ಕೊಂಡದ್ದು ಒಮೆಗಾದ್ದೇ ಮ್ಯೂಸಿಯಂ. 2023ರಲ್ಲಿ ನೋಡಿದರೆ ಅದು ಬೇರೆ ಬೇರೆ ಬಿಡಿಭಾಗ ಸೇರಿಸಿ ಕಟ್ಟಿದ್ದು, ಅದರಲ್ಲಿ ಕಂಪನಿಯ ಮಾಜಿ ನೌಕರರೇ ಶಾಮೀಲು ಎಂದು ಒಮೆಗಾ ಬಹಿರಂಗವಾಗಿ ಹೇಳಿತು. ಆದರೆ ಅದು 1957ರ ಪೀಸು. ನೀವು ಮಾರಿದ್ದು ಶೋರೂಮಿನಲ್ಲಿ ಇವತ್ತೂ ಸಿಗುವ ಮಾಡೆಲ್ಲು. ಒಂದು ಚಿಕ್ಕ ದಿಕ್ಸೂಚಿಯಲ್ಲಿ ಗೊತ್ತಾಗುವುದಕ್ಕೆ ಜಿನೀವಾದ ಉದಾಹರಣೆ ಬೇಡ.

‘ನಾವು ಮಧ್ಯವರ್ತಿ ಮಾತ್ರ’ ಅಂತ ಕೈ ತೊಳೆದುಕೊಳ್ಳುವುದಕ್ಕೂ ಬರುವುದಿಲ್ಲ. ಬಿಲ್ ನಿಮ್ಮ ಹೆಸರಿನಲ್ಲಿದೆ. ವಾಚು ನಿಮ್ಮ ಆಫೀಸಿನಿಂದ, ನಿಮ್ಮ ಸೀಲ್ ಹಾಕಿಕೊಂಡು ಬಂದಿದೆ. ತಾನೇ ಸರಕು ಇಟ್ಟುಕೊಂಡು ಮಾರುವ ಆನ್‌ಲೈನ್ ಸಂಸ್ಥೆ ಅದು ಅಸಲಿ ಎಂದು ಭರವಸೆ ಕೊಟ್ಟರೆ, ಅದರ ಹೊಣೆಯನ್ನೂ ಹೊರಬೇಕು ಎಂದು 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳಲ್ಲಿ ಸ್ಪಷ್ಟವಾಗಿದೆ. ಅಸಲಿ ಎಂದು ಸುಳ್ಳು ಹೇಳಿ ಮಾರಿದ ವಸ್ತುವಿಗೆ ನಿಮ್ಮ 7 ದಿನದ ಷರತ್ತು ತೋರಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅದೇ ನಿಯಮಗಳ ಪ್ರಕಾರ ಈ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ನನಗೆ ಬೇಕಾದದ್ದು ಇಷ್ಟು. ವಾಚಿನ 3,65,000, ತಪಾಸಣೆಯ 4,500, ಎರಡೂ ಪೂರ್ತಿ ವಾಪಸ್ ಬರಬೇಕು, ಬ್ಯಾಂಕ್ ಖಾತೆಗೆ. ನಿಮ್ಮ ಆ್ಯಪ್‌ನ ಕೂಪನ್ನು, ಕ್ರೆಡಿಟ್ಟು ಬೇಡ. ಇದನ್ನು ನಿಮಗೆ ಕೊಟ್ಟವರು ಬೇರೆ ಯಾವ ಯಾವ ವಾಚು ಕೊಟ್ಟಿದ್ದಾರೆ ಎಂದು ನೋಡಿ, ಕೊಂಡವರಿಗೆ ತಿಳಿಸಿ. ಸುಮ್ನೆ ಕೂತರೆ ಅವರೂ ನನ್ನ ಹಾಗೆ ಟ್ಯಾಬ್ಲೆಟ್ ಕವರ್ ಹುಡುಕಬೇಕಾಗುತ್ತದೆ. ಮತ್ತು ಮೂವ್‌ಮೆಂಟ್ (ಒಳಗಿನ ಯಂತ್ರ) ಬಿಚ್ಚಿ ನೋಡದ ವಾಚಿಗೆ ‘ಹೊರಗಿನಿಂದ ಮಾತ್ರ ನೋಡಿದ್ದೇವೆ’ ಎಂದು ಸರ್ಟಿಫಿಕೇಟ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆ ಮಾತು ಬರೆದು ಆಮೇಲೆ 4,500 ಕೇಳಿ ನೋಡಿ, ಯಾರು ಕೊಡುತ್ತಾರೆ ಅಂತ.

ವಾಚನ್ನು ಈಗ ನಿಮಗೆ ಕಳಿಸುವುದಿಲ್ಲ. ಕಳಿಸಿದರೆ ಅದು ಮೊದಲಿನ ಮಾಲೀಕರ ಕೈ ಸೇರಿ, ಇನ್ನೊಂದು ಆ್ಯಪ್‌ನಲ್ಲಿ ಇನ್ನೊಬ್ಬರಿಗೆ ಹೋಗುವುದು ಗ್ಯಾರಂಟಿ. ಅದು ಸರ್ವಿಸ್ ಸೆಂಟರ್ ಹಾಕಿದ ಕವರಿನಲ್ಲಿ, ಸೀಲ್ ಸಮೇತ ನನ್ನ ಲಾಕರಿನಲ್ಲಿದೆ. ಹಣ ಬಂದ ಮೇಲೆ, ಇದನ್ನು ಮತ್ತೆ ಮಾರುವುದಿಲ್ಲ ಎಂದು ನೀವು ಬರೆದುಕೊಟ್ಟರೆ, ನಿಮ್ಮವರೇ ಬಂದು ಸಹಿ ಹಾಕಿ ತೆಗೆದುಕೊಂಡು ಹೋಗಬಹುದು.

ತಿಂಗಳೊಳಗೆ ಬಗೆಹರಿಯದಿದ್ದರೆ ಮೈಸೂರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕ ತಾನಿರುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದ ತನಕ ಶುಲ್ಕವೂ ಇಲ್ಲ. ಉತ್ತರ ಬರಹದಲ್ಲಿ ಕೊಡಿ. ಫೋನ್ ಮಾಡಿಸಬೇಡಿ.

ಲಗತ್ತು: ಬಿಲ್, ನಿಮ್ಮ ಸರ್ಟಿಫಿಕೇಟ್, ಸರ್ವಿಸ್ ಸೆಂಟರ್‌ನ ಪತ್ರ, ಒಳಭಾಗದ ಫೋಟೋಗಳು, ಇಮೇಲ್‌ಗಳ ಪ್ರತಿ.

ಇಂತಿ,
ನಿಮ್ಮ ಗ್ರಾಹಕ
ಮೈಸೂರು